ನಿಲ್ಲಿಸಿದರೆ ಸಾಲದು, ಕಿತ್ತು ಹಾಕಬೇಕು: ಟೆಲ್ನೆಟ್‌ನ ಹಳೇ ಕಥೆ

ಪುಣೆಯ ಭೋಸರಿಯ ಒಂದು ಕಾರ್ಖಾನೆ. ಅಲ್ಲಿನ ಹಳೇ ಲಿನಕ್ಸ್ ಸರ್ವರ್ ನನ್ನ ಪಾಲಿಗೆ ಬಂತು. ತೆರೆದಿದ್ದ ಪೋರ್ಟ್‌ಗಳನ್ನು, ಅಂದರೆ ನೆಟ್‌ವರ್ಕ್‌ನಿಂದ ಒಳಬರುವ ನಂಬರ್ ಹಾಕಿದ ಬಾಗಿಲುಗಳನ್ನು, ನೋಡಿದೆ: 21, 23, 514. ಕ್ರಮವಾಗಿ ಫೈಲ್ ಕಳಿಸುವ ಎಫ್‌ಟಿಪಿ, ದೂರದಿಂದಲೇ ಲಾಗಿನ್ ಆಗುವ ಟೆಲ್ನೆಟ್, ದೂರದಿಂದಲೇ ಕಮಾಂಡ್ ಓಡಿಸುವ ಆರ್‌ಎಸ್‌ಎಚ್. ಮೂರೂ ಜೀವಂತ. "ಮುಟ್ಟಬ್ಯಾಡ್ರಿ ಸರ್, ಎಲ್ಲಾ ನಡದೈತಲ್ಲ" ಅಂದ ಅಲ್ಲಿನ ಹುಬ್ಬಳ್ಳಿ ಹುಡುಗ.

ನಡೆಯುತ್ತಿರುವುದೇ ತೊಂದರೆ. ಟೆಲ್ನೆಟ್ 1969ರದ್ದು, ಎಫ್‌ಟಿಪಿ 1971ರದ್ದು. ನೆಟ್‌ವರ್ಕ್‌ನಲ್ಲಿ ಎಲ್ಲರೂ ಗೊತ್ತಿದ್ದವರೇ ಆಗಿದ್ದ ಕಾಲ. ಪಾಸ್‌ವರ್ಡ್ ಮುಚ್ಚುಮರೆ ಇಲ್ಲದೆ ಹೋಗುತ್ತಿತ್ತು. 1983ರ ಬಿಎಸ್‌ಡಿ ಯುನಿಕ್ಸ್ ಜೊತೆ ಬಂದ ಆರ್‌ಎಸ್‌ಎಚ್‌ಗೆ ಅದೂ ಬೇಡ. ಆರ್‌ಹೋಸ್ಟ್ಸ್ ಅನ್ನೋ ನಂಬಿಕಸ್ಥರ ಪಟ್ಟಿಯ ಫೈಲ್‌ನಲ್ಲಿ ಹೆಸರಿದ್ದರೆ ಸಾಕು, ಒಳಗೆ ಬನ್ನಿ. 1988ರ ನವೆಂಬರ್‌ನಲ್ಲಿ ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ತಾನಾಗಿ ಹಬ್ಬುವ ಮೋರಿಸ್ ವರ್ಮ್ ಹರಡಿದ ದಾರಿಗಳಲ್ಲಿ ಈ ನಂಬಿಕೆಯೂ ಒಂದು.

1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್ ಕದ್ದರು. ಅದೇ ವರ್ಷ ಅಲ್ಲಿನ ಟಾಟು ಯೂಲೋನೆನ್, ಪಾಸ್‌ವರ್ಡ್ ಸಮೇತ ಎಲ್ಲವನ್ನೂ ಗುಪ್ತಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್ ಬರೆದರು. 21ಕ್ಕೂ 23ಕ್ಕೂ ನಡುವೆ ಖಾಲಿ ಇದ್ದ 22ನ್ನೇ ಕೇಳಿ ಪಡೆದರು. 1999ಕ್ಕೆ ಓಪನ್‌ಎಸ್‌ಎಸ್‌ಎಚ್ ಪುಕ್ಕಟೆ ಸಿಕ್ಕಿತು. ಅಲ್ಲಿಗೆ ಟೆಲ್ನೆಟ್ ಮುಗಿಯಬೇಕಿತ್ತು, ಅಲ್ವಾ? 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಹುಡುಕಿಕೊಂಡು ಹೋದದ್ದು ಟೆಲ್ನೆಟ್ ತೆರೆದಿದ್ದ, ಫ್ಯಾಕ್ಟರಿ ಪಾಸ್‌ವರ್ಡನ್ನೇ ಬದಲಿಸದ ಕ್ಯಾಮೆರಾ, ರೂಟರ್‌ಗಳನ್ನೇ.

ಹುಡುಗನಿಗೆ ಮಾತಿನಲ್ಲಿ ಹೇಳಿ ಪ್ರಯೋಜನ ಇರಲಿಲ್ಲ. ನೆಟ್‌ವರ್ಕ್‌ನಲ್ಲಿ ಹೋಗುವುದನ್ನೆಲ್ಲ ತೋರಿಸುವ ಟಿಸಿಪಿಡಂಪ್ ಹಾಕಿ, ಟೆಲ್ನೆಟ್‌ನಲ್ಲಿ ಲಾಗಿನ್ ಆಗು ಅಂದೆ. ಅವನ ಪಾಸ್‌ವರ್ಡ್ ಒಂದೊಂದೇ ಅಕ್ಷರವಾಗಿ ನನ್ನ ಸ್ಕ್ರೀನ್ ಮೇಲೆ ಬಂತು. ಮೂರನೇ ಅಕ್ಷರಕ್ಕೇ ಕೈ ತೆಗೆದ.

ತೆಗೆಯುವುದರಲ್ಲೂ ಒಂದು ಸಿಕ್ಕು. ಪೋರ್ಟ್ ಪಟ್ಟಿಯಲ್ಲಿ 23ರ ಎದುರು ಪ್ರೋಗ್ರಾಂ ಹೆಸರಾಗಿ ಟೆಲ್ನೆಟ್ ಕಾಣಲೇ ಇಲ್ಲ, ಇದ್ದದ್ದು ಎಕ್ಸ್‌ಇನೆಟ್‌ಡಿ. ಅದು ಬಾಗಿಲಲ್ಲಿ ಕೂರುತ್ತದೆ. ಯಾರಾದರೂ ಬಂದಾಗ ಮಾತ್ರ ಒಳಗಿನವರನ್ನು ಎಬ್ಬಿಸುತ್ತದೆ. ಸುಮ್ನೆ ಸ್ಟಾಪ್ ಕೊಟ್ಟರೆ ರೀಸ್ಟಾರ್ಟ್ ಆದಾಗ ಮತ್ತೆ ಹಾಜರ್. ಡಿಸೇಬಲ್ ಮಾಡಿದರೆ ಪರವಾಗಿಲ್ಲ, ಆದರೆ ಪ್ಯಾಕೇಜ್, ಅಂದರೆ ಇನ್‌ಸ್ಟಾಲ್ ಆದ ಸಾಫ್ಟ್‌ವೇರ್, ಅಲ್ಲೇ ಇರುತ್ತದೆ. ರಾತ್ರಿ ಪಾಳಿಯಲ್ಲಿ ಏನೋ ಕೈಕೊಟ್ಟಾಗ ಯಾರೋ ಒಬ್ಬರು "ಸದ್ಯಕ್ಕೆ" ಅಂತ ಎಬ್ಬಿಸುತ್ತಾರೆ. ಆ ಸದ್ಯ ಐದು ವರ್ಷ ನಡೆಯುತ್ತದೆ. ಅದಕ್ಕೇ ಟೆಲ್ನೆಟ್ ಸರ್ವರ್, ಆರ್‌ಎಸ್‌ಎಚ್ ಸರ್ವರ್, ಎಕ್ಸ್‌ಇನೆಟ್‌ಡಿ, ಮೂರೂ ಪ್ಯಾಕೇಜ್ ಕಿತ್ತು ಹಾಕಿದೆವು. ಹಳೇ ಆರ್‌ಹೋಸ್ಟ್ಸ್ ಫೈಲ್‌ಗಳನ್ನೂ ಹುಡುಕಿ ಅಳಿಸಿದೆವು. ಪ್ಯಾಕೇಜ್ ಹೋದರೂ ಅವು ತಾವಾಗಿ ಹೋಗುವುದಿಲ್ಲ.

ಎಫ್‌ಟಿಪಿ ಮಾತ್ರ ಉಳಿದಿದೆ. ಗೇಟಿನ ಹತ್ತಿರದ ತೂಕದ ಮಷಿನ್‌ಗೆ ಬೇರೆ ಭಾಷೆ ಬರುವುದಿಲ್ಲ. ಹೊಸ ಮಷಿನ್ ಬರುವವರೆಗೆ ಅದರ ಒಂದೇ ಐಪಿಗೆ 21 ತೆರೆದಿಟ್ಟಿದ್ದೇವೆ.