ಹಳೇ ಲ್ಯಾಪ್‌ಟಾಪ್ ಕಳಿಸುವ ಮುಂಚೆ

"ಐದು ವರ್ಷ ಬಳಸಿದ್ದು ಸಾರ್, ಹಳೇದು. ಅದಕ್ಕೂ ಡ್ಯೂಟಿ ಕಟ್ಟಬೇಕಾ?" ಬೆಂಗಳೂರಿನಲ್ಲಿ ಕಸ್ಟಮ್ಸ್ ಬ್ರೋಕರ್ ಆಗಿರುವ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಅಮೆರಿಕದಲ್ಲಿರುವ ಅಣ್ಣ ಹೊಸ ಲ್ಯಾಪ್‌ಟಾಪ್ ಕೊಂಡಿರುತ್ತಾನೆ. ಹಳೆಯದು ಊರಲ್ಲಿ ಓದುತ್ತಿರುವ ತಂಗಿಗೆ ಆಗಲಿ ಎಂದು ಕೊರಿಯರ್ ಮಾಡುತ್ತಾನೆ. ಪೆಟ್ಟಿಗೆ ದೇವನಹಳ್ಳಿಯ ಕಾರ್ಗೋವರೆಗೆ ಬಂದು ಅಲ್ಲೇ ನಿಲ್ಲುತ್ತದೆ. ಮನೆಯವರು ಗಾಬರಿಯಾಗುತ್ತಾರೆ.

ಎಲ್ಲರ ತಲೆಯಲ್ಲೂ ಇರುವುದು ಡ್ಯೂಟಿ ಎಷ್ಟು ಎಂಬ ಲೆಕ್ಕ. ಅದಕ್ಕಿಂತ ಮುಂಚೆ ಇನ್ನೊಂದು ಬಾಗಿಲಿದೆ. ಆ ವಸ್ತು ದೇಶದೊಳಗೆ ಬರಬಹುದೇ, ಇಲ್ಲವೇ? ಬಳಸಿದ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗಳ ಆಮದು ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ ನಿರ್ಬಂಧಿತ ಪಟ್ಟಿಯಲ್ಲಿದೆ. ರಿಪೇರಿ ಮಾಡಿ ಹೊಸದರಂತೆ ಮಾಡಿದ ರಿಫರ್ಬಿಶ್ಡ್ ಮಾಲಿಗೂ ಇದೇ ನಿಯಮ. ತರಿಸಬೇಕಾದರೆ ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ನಿರ್ದೇಶನಾಲಯದ (ಡಿಜಿಎಫ್‌ಟಿ) ಅನುಮತಿ ಬೇಕು. ಒಂದು ಲ್ಯಾಪ್‌ಟಾಪ್‌ಗಾಗಿ ಮನೆಯವರು ಆ ಅನುಮತಿ ತರುವುದು ಆಗದ ಮಾತು.

ಈ ನಿರ್ಬಂಧಕ್ಕೆ ಕಾರಣವಿದೆ. ಶ್ರೀಮಂತ ದೇಶಗಳು ತಮ್ಮ ಇ-ತ್ಯಾಜ್ಯವನ್ನು "ಬಳಸಬಹುದಾದ ಹಳೇ ಮಾಲು" ಎಂಬ ಹೆಸರಿನಲ್ಲಿ ಬಡ ದೇಶಗಳಿಗೆ ಸಾಗಿಸಿದ ದೊಡ್ಡ ಚರಿತ್ರೆಯೇ ಇದೆ. ಅದನ್ನು ತಡೆಯಲು 1989ರಲ್ಲಿ ಬಾಸೆಲ್ ಒಪ್ಪಂದ ಬಂತು. 2025ರ ಜನವರಿ 1ರಿಂದ ಅದು ಇನ್ನೂ ಬಿಗಿಯಾಗಿದೆ. ಅಪಾಯಕಾರಿ ಇರಲಿ ಇಲ್ಲದಿರಲಿ, ಎಲ್ಲ ಇ-ತ್ಯಾಜ್ಯವನ್ನೂ ಗಡಿ ದಾಟಿಸಲು ಈಗ ತಲುಪುವ ದೇಶದ ಮುಂಗಡ ಒಪ್ಪಿಗೆ ಬೇಕು. ನಮ್ಮಲ್ಲೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಲೆಕ್ಟ್ರಾನಿಕ್ಸ್ ಆಮದಿಗೆ ಷರತ್ತುಗಳಿವೆ. ಕಂಟೇನರ್‌ಗಟ್ಟಲೆ ಕಸ ಬರುವುದನ್ನು ತಡೆಯಲು ಹಾಕಿದ ಬಲೆ ಅದು. ನಿಮ್ಮ ತಂಗಿಯ ಲ್ಯಾಪ್‌ಟಾಪೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಮನೆಯವರಿಗೆ ತೊಂದರೆ ಆಗುತ್ತದೆ ಅನ್ನುವುದು ನಿಜ. ಆದರೂ ನಿಯಮ ಇರಬೇಕು ಎಂಬುದೇ ನನ್ನ ಅಭಿಪ್ರಾಯ.

ಲ್ಯಾಪ್‌ಟಾಪ್ ಆಮದಿನ ಬಗ್ಗೆ ಬಂದ 2023ರ ಆಗಸ್ಟ್ ಅಧಿಸೂಚನೆ ಓದಿದವರು "ಕೊರಿಯರ್‌ನಲ್ಲಿ ಒಂದು ಲ್ಯಾಪ್‌ಟಾಪ್ ತರಿಸಬಹುದಲ್ವಾ?" ಎಂದು ಕೇಳುತ್ತಾರೆ. ಹೌದು, ಅದರಲ್ಲಿ ಹಾಗೆ ಇದೆ. ಆದರೆ ಆ ವಿನಾಯಿತಿ ಸಿಕ್ಕಿದ್ದು ಅದೇ ಅಧಿಸೂಚನೆಯಲ್ಲಿ ಹೊಸದಾಗಿ ತಂದ ಲೈಸೆನ್ಸ್ ಕಟ್ಟುಪಾಡಿನಿಂದ. ಡ್ಯೂಟಿ ಕಟ್ಟಲೇಬೇಕು ಎಂದೂ ಅಲ್ಲೇ ಬರೆದಿದೆ. ಸೆಕೆಂಡ್ ಹ್ಯಾಂಡ್ ಮಾಲಿನ ನಿರ್ಬಂಧ ಬೇರೆ ಜಾಗದಲ್ಲಿದೆ, ಅದು ಹಾಗೇ ಇದೆ. ಪೆಟ್ಟಿಗೆ ಸಿಕ್ಕಿಬಿದ್ದರೆ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು, ವಾಪಸ್ ಕಳಿಸಬಹುದು, ಇಲ್ಲವೇ ಕೈಬಿಡಬಹುದು. ಮೂರರಲ್ಲೂ ದುಡ್ಡು ಹೋಗುವುದು ನಿಮ್ಮದೇ. ಗೋದಾಮಿನ ಬಾಡಿಗೆಯೂ ಏರುತ್ತಾ ಹೋಗುತ್ತದೆ.

"ಗಿಫ್ಟ್ ಅಂತ ಬರೆದರೆ?" ಅನ್ನುವವರಿಗೂ ಹೇಳಿಬಿಡುತ್ತೇನೆ. ವಿದೇಶದಿಂದ ಬರುವ ಉಡುಗೊರೆಗೆ 5,000 ರೂಪಾಯಿವರೆಗೆ ಇದ್ದ ಸುಂಕ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಯಿತು. ಉಳಿದಿರುವುದು ರಾಖಿಗೆ ಮತ್ತು ಜೀವರಕ್ಷಕ ಔಷಧಿಗೆ ಮಾತ್ರ. ಗಲ್ಫ್‌ನಿಂದ ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ಡೋರ್ ಟು ಡೋರ್ ಕಾರ್ಗೋದಲ್ಲಿ ಪೆಟ್ಟಿಗೆ ಕಳಿಸುವವರು ಇದನ್ನು ಮುಖ್ಯವಾಗಿ ತಿಳಿದಿರಬೇಕು. ಎಷ್ಟೋ ಮನೆಗಳಲ್ಲಿ ಹಳೇ ಲೆಕ್ಕವೇ ಇನ್ನೂ ನಡೆಯುತ್ತಿದೆ.

ಹಾಗಾದರೆ ಏನು ಮಾಡಬೇಕು? ನಾನು ಕೊಡುವ ಸಲಹೆ ಒಂದೇ. ಭಾರತಕ್ಕೆ ಬಳಸಿದ ಲ್ಯಾಪ್‌ಟಾಪ್ ಕೊರಿಯರ್ ಮಾಡಬೇಡಿ. ಬರುವವರ ಕೈಯಲ್ಲಿ ಕಳಿಸಿ. ಪೆಟ್ಟಿಗೆಯಲ್ಲಿ ಬಂದರೆ ಅದು "ಆಮದು". ಪ್ರಯಾಣಿಕರ ಬ್ಯಾಗಿನಲ್ಲಿ ಬಂದರೆ "ಬ್ಯಾಗೇಜ್". ವಸ್ತು ಒಂದೇ, ಕಾನೂನು ಬೇರೆ. 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಬಳಸಿದ ಸ್ವಂತ ವಸ್ತುಗಳಿಗೂ ಸುಂಕವಿಲ್ಲ. ಇದರ ಮೇಲೆ ಒಂದು ಮಿತಿಯವರೆಗೆ ಬೇರೆ ವಸ್ತು ತರಬಹುದು. 2016ರ ನಿಯಮದಲ್ಲಿ ಆ ಮಿತಿ ಭಾರತದ ನಿವಾಸಿಗಳಿಗೂ ಭಾರತೀಯ ಮೂಲದವರಿಗೂ 50,000 ರೂಪಾಯಿ ಇತ್ತು. 2026ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ಬ್ಯಾಗೇಜ್ ನಿಯಮದಲ್ಲಿ 75,000 ರೂಪಾಯಿ ಆಗಿದೆ. ನಿಮ್ಮ ಗೆಳೆಯರ ಬಳಿ ಆಗಲೇ ಅವರದೇ ಲ್ಯಾಪ್‌ಟಾಪ್ ಇದ್ದರೆ, ನೀವು ಕೊಟ್ಟ ಎರಡನೆಯದು ಈ ಮಿತಿಯ ಲೆಕ್ಕಕ್ಕೆ ಹೋಗುತ್ತದೆ. ಹಾಗಾಗಿ ಹಳೇ ಬಿಲ್‌ನ ಒಂದು ಪ್ರತಿಯನ್ನು ಅವರ ಕೈಗೆ ಕೊಡಿ. ಮಿತಿ ದಾಟುತ್ತದೆ ಅನ್ನಿಸಿದರೆ ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟುವ ವಸ್ತು ಇದ್ದವರು ಹೋಗುವ ರೆಡ್ ಚಾನೆಲ್‌ಗೆ ಹೋಗಿ ಹೇಳಿಬಿಡಲಿ. ಅಂಥದ್ದೇನೂ ಇಲ್ಲದವರ ಗ್ರೀನ್ ಚಾನೆಲ್‌ನಲ್ಲಿ ಸಿಕ್ಕಿಬಿದ್ದರೆ ಕಷ್ಟ ನಿಮಗಲ್ಲ, ಉಪಕಾರ ಮಾಡಲು ಬಂದ ಅವರಿಗೆ.

ಟಿವಿಗೆ ಈ ಮಿತಿ ಅನ್ವಯಿಸುವುದಿಲ್ಲ. 2013ರ ಆಗಸ್ಟ್‌ನಿಂದ ಫ್ಲಾಟ್ ಪ್ಯಾನೆಲ್ ಟಿವಿಗೆ ಪೂರ್ತಿ ಡ್ಯೂಟಿ. ಡ್ರೋನ್ ಅಂತೂ ತರಲೇಬೇಡಿ, 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ಆಮದೇ ನಿಷೇಧ. ಸ್ಯಾಟಲೈಟ್ ಫೋನ್ ತಂದರೆ ವಿಷಯ ಪೊಲೀಸ್ ಠಾಣೆಯವರೆಗೂ ಹೋಗಬಹುದು.

ಇನ್ನು ಬೆಲೆಯ ವಿಷಯ. ಕ್ಯಾಮೆರಾ ಲೆನ್ಸ್ ಆಗಲಿ, ಆಡಿಯೋ ಸಾಮಾನಾಗಲಿ, ಯಾವುದೇ ದೇಶಕ್ಕಾಗಲಿ, ಜಗಳ ಹುಟ್ಟುವುದು ಇಲ್ಲೇ. "ಹತ್ತು ಡಾಲರ್ ಅಂತ ಬರೆದುಬಿಡಿ" ಎಂದು ಸಲಹೆ ಕೊಡುವವರು ಎಲ್ಲ ಕಡೆ ಸಿಗುತ್ತಾರೆ. ದಯವಿಟ್ಟು ಕೇಳಬೇಡಿ. ಮಾಡೆಲ್ ನಂಬರ್ ಹಾಕಿ ಬೆಲೆ ಹುಡುಕಲು ಅಧಿಕಾರಿಗೆ ಒಂದು ನಿಮಿಷ ಸಾಕು. ಒಮ್ಮೆ ಬೆಲೆ ಸುಳ್ಳು ಎಂದು ಅನ್ನಿಸಿದರೆ ಆಮೇಲೆ ನೀವು ಹೇಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ದಂಡದ ಮಾತು ಶುರುವಾಗುತ್ತದೆ. ಇನ್ನೊಂದು, ಪಾರ್ಸೆಲ್ ಕಳೆದುಹೋದರೆ ಪರಿಹಾರ ಸಿಗುವುದೂ ನೀವು ಬರೆದ ಹತ್ತು ಡಾಲರ್‌ಗೇ.

ಬಳಸಿದ ವಸ್ತುವಿಗೆ ನಾವು ಮನಸ್ಸಿನಲ್ಲಿ ಇಟ್ಟುಕೊಂಡ ಬೆಲೆಗೂ ಕಸ್ಟಮ್ಸ್ ನೋಡುವ ಬೆಲೆಗೂ ಅಂತರ ಯಾಕೆ ಬರುತ್ತದೆ ಗೊತ್ತಾ? ಸೆಕೆಂಡ್ ಹ್ಯಾಂಡ್ ಯಂತ್ರಗಳಿಗೆ ನಮ್ಮ ಕಸ್ಟಮ್ಸ್‌ನಲ್ಲಿ ಬಹಳ ಕಾಲದಿಂದ ಒಂದು ಸವಕಳಿ ಲೆಕ್ಕ ನಡೆದು ಬಂದಿದೆ. ಪ್ರತಿ ಮೂರು ತಿಂಗಳಿಗೆ ಮೊದಲ ವರ್ಷ ಶೇ 4, ಎರಡನೇ ವರ್ಷ ಶೇ 3, ಮೂರನೇ ವರ್ಷ ಶೇ 2.5, ಆಮೇಲೆ ಶೇ 2. ಒಟ್ಟು ಶೇ 70 ದಾಟುವಂತಿಲ್ಲ. ಈ ಲೆಕ್ಕದಲ್ಲಿ 1,20,000 ರೂಪಾಯಿಯ ಯಂತ್ರ ಮೂರು ವರ್ಷ ಹಳೆಯದಾದರೆ ಶೇ 38 ಕಳೆದು 74,400 ರೂಪಾಯಿ ಉಳಿಯುತ್ತದೆ. ಮಾರುಕಟ್ಟೆಯಲ್ಲಿ ಅದೇ ಹಳೇ ಎಲೆಕ್ಟ್ರಾನಿಕ್ಸ್‌ಗೆ ಅರ್ಧ ಬೆಲೆಯೂ ಸಿಗಲಿಕ್ಕಿಲ್ಲ. ಮನೆಬಳಕೆಯ ವಸ್ತುವಿಗೆ ಅಧಿಕಾರಿ ಇದೇ ಲೆಕ್ಕ ಹಾಕಬೇಕು ಎಂದೇನಿಲ್ಲ. ಆದರೆ ಅವರು ಯೋಚಿಸುವ ರೀತಿ ಇದರಿಂದ ಗೊತ್ತಾಗುತ್ತದೆ. ಕೊಂಡ ಬಿಲ್, ಕೊಂಡ ತಾರೀಖು, ಅದೇ ಮಾಡೆಲ್ ಹಳೇ ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಗುತ್ತಿದೆ ಎಂಬುದರ ಪ್ರಿಂಟ್ ಔಟ್, ಸ್ಕ್ರೀನ್‌ನಲ್ಲಿ ಬಿರುಕಿದ್ದರೆ ಅದರ ಫೋಟೋ. ಇವು ಪೆಟ್ಟಿಗೆಯಲ್ಲೇ ಇದ್ದರೆ ನಿಮ್ಮ ಬೆಲೆಗೆ ಬಲ ಬರುತ್ತದೆ.

ಡ್ಯೂಟಿ ಬೀಳುವುದು ವಸ್ತುವಿನ ಬೆಲೆಯ ಮೇಲೆ ಮಾತ್ರ ಅಲ್ಲ. ಸಾಗಣೆ ಮತ್ತು ವಿಮೆಯೂ ಸೇರುತ್ತವೆ. 40,000 ರೂಪಾಯಿಯ ಲೆನ್ಸ್‌ಗೆ ಕೊರಿಯರ್ ಖರ್ಚು 12,000 ಆಯಿತು ಅನ್ನಿ. ವಿಮಾನದಲ್ಲಿ ಬಂದ ಮಾಲಿಗೆ ಸಾಗಣೆಯನ್ನು ಬೆಲೆಯ ಶೇ 20ಕ್ಕಿಂತ ಜಾಸ್ತಿ ಸೇರಿಸುವಂತಿಲ್ಲ, ಅಂದರೆ 8,000. ವಿಮೆಯ ಲೆಕ್ಕ ಸಿಗದಿದ್ದರೆ ಶೇ 1.125, ಅಂದರೆ 450. ಹೀಗೆ 48,450 ರೂಪಾಯಿ ಮೇಲೆ ಮೂಲ ಸುಂಕ ಬೀಳುತ್ತದೆ. ಬೆಲೆಯನ್ನೂ ಸುಂಕವನ್ನೂ ಕೂಡಿಸಿದ ಮೊತ್ತದ ಮೇಲೆ ಮತ್ತೆ ಐಜಿಎಸ್‌ಟಿ, ಅಂದರೆ ಆಮದಿಗೆ ಹಾಕುವ ಜಿಎಸ್‌ಟಿ. ಈ ಶೇ 20ರ ಮಿತಿ ಬಹಳ ಜನರಿಗೆ ಗೊತ್ತಿಲ್ಲ. ಕೊರಿಯರ್‌ನವರು ಕೊಟ್ಟ ಲೆಕ್ಕದಲ್ಲಿ ಪೂರ್ತಿ 12,000 ಸೇರಿಸಿದ್ದರೆ ಕೇಳುವ ಹಕ್ಕು ನಿಮಗಿದೆ. ದರಗಳು ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತವೆ, ಕಳಿಸುವ ವಾರ ನೋಡಿಕೊಳ್ಳಿ.

"ಲ್ಯಾಪ್‌ಟಾಪ್‌ಗೆ ಸುಂಕ ಸೊನ್ನೆ ಅಂತಾರಲ್ಲ?" 1996ರ ಮಾಹಿತಿ ತಂತ್ರಜ್ಞಾನ ಒಪ್ಪಂದದಿಂದಾಗಿ ಭಾರತವೂ ಸೇರಿ ಹಲವು ದೇಶಗಳಲ್ಲಿ ಕಂಪ್ಯೂಟರ್ ಮೇಲಿನ ಮೂಲ ಸುಂಕ ಸೊನ್ನೆ, ನಿಜ. ಆದರೆ ನಮ್ಮಲ್ಲಿ ಸ್ವಂತ ಬಳಕೆಗೆಂದು ಕೊರಿಯರ್‌ನಲ್ಲಿ ಬರುವ ವಸ್ತುಗಳಿಗೆ ಸುಂಕದ ಪಟ್ಟಿಯಲ್ಲಿ 9804 ಎಂಬ ಬೇರೆ ಶೀರ್ಷಿಕೆ ಇದೆ. ಅದಕ್ಕೆ ಅದರದೇ ಒಂದೇ ದರ.

ಇಲ್ಲಿಂದ ಹೊರಗೆ ಕಳಿಸುವಾಗ ಕಥೆ ಬೇರೆ. ಓದಲು ಜರ್ಮನಿಗೆ ಹೋದ ಮಗಳು ಮನೆಯಲ್ಲೇ ಬಿಟ್ಟ ಲ್ಯಾಪ್‌ಟಾಪ್ ಕಳಿಸಿ ಅನ್ನುತ್ತಾಳೆ. ಅಲ್ಲಿ ಸುಂಕ ಸೊನ್ನೆಯೇ, ಆದರೆ ಶೇ 19 ವ್ಯಾಟ್ ಇದೆ. ಮನೆಯವರು ಕಳಿಸುವ ಉಡುಗೊರೆಗೆ ವಿನಾಯಿತಿ 45 ಯೂರೋವರೆಗೆ ಮಾತ್ರ. ಆದರೆ ಇದು ಉಡುಗೊರೆಯೇ ಅಲ್ಲವಲ್ಲ, ಅವಳದೇ ವಸ್ತು. ವಾಸ ಬದಲಿಸಿದವರು ಆರು ತಿಂಗಳಾದರೂ ಬಳಸಿದ ಸ್ವಂತ ಸಾಮಾನನ್ನು, ಅಲ್ಲಿಗೆ ಹೋಗಿ 12 ತಿಂಗಳಾಗುವುದರೊಳಗೆ ತೆರಿಗೆಯಿಲ್ಲದೆ ತರಿಸಿಕೊಳ್ಳಲು ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಅವಕಾಶವಿದೆ. ವಿದ್ಯಾರ್ಥಿಗಳ ಓದಿನ ಸಾಮಾನಿಗೂ ಇದೆ. ಅಪ್ಪ ಪ್ರೀತಿಯಿಂದ ಫಾರ್ಮಿನಲ್ಲಿ "ಗಿಫ್ಟ್" ಎಂದು ಬರೆದರೆ ಮಗಳು ಆ ಹಕ್ಕು ಕೇಳುವುದೇ ಕಷ್ಟವಾಗುತ್ತದೆ. "ಬಳಸಿದ ಸ್ವಂತ ವಸ್ತು" ಎಂದು ಬರೆಯಿರಿ. ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಕೊಂಡ ವರ್ಷ ಹಾಕಿ. ಬಿಲ್ ಅವಳ ಹೆಸರಿನಲ್ಲಿದ್ದರೆ ಇನ್ನೂ ಒಳ್ಳೆಯದು. ಅಮೆರಿಕಕ್ಕಾದರೆ, 800 ಡಾಲರ್‌ವರೆಗೆ ಇದ್ದ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತಿದೆ. ಹಳೇ ಅನುಭವ ನಂಬಿ ಕಳಿಸಬೇಡಿ.

ಬ್ಯಾಟರಿಯನ್ನು ಕಡೆಗಣಿಸಬೇಡಿ. ಬಿಡಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಸಾಗಿಸುವುದು 2016ರ ಏಪ್ರಿಲ್‌ನಿಂದ ನಿಷೇಧ. ಸಾಧನದೊಳಗೇ ಇದ್ದರೆ ಷರತ್ತಿನ ಮೇಲೆ ಹೋಗುತ್ತದೆ. ಊದಿಕೊಂಡ ಬ್ಯಾಟರಿ ಯಾವ ಕಾರಣಕ್ಕೂ ವಿಮಾನ ಹತ್ತಬಾರದು. ಇದು ತೆರಿಗೆಯ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆ. ಹಳೇ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ನೋಡಿ. ಅಡಿಭಾಗ ಅಲುಗಾಡಿದರೆ ಅಥವಾ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಮೊದಲು ಸರ್ವಿಸ್ ಸೆಂಟರ್‌ಗೆ ಹೋಗಿ.

ರಿಪೇರಿಗೆಂದು ವಿದೇಶಕ್ಕೆ ಕಳಿಸುವವರ ನಷ್ಟ ನೋಡಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಯಾಕೆಂದರೆ ಇಲ್ಲಿ ಕಾನೂನು ನಿಮ್ಮ ಪರವಾಗಿಯೇ ಇದೆ. ಕ್ಯಾಮೆರಾವನ್ನು ರಿಪೇರಿಗೆ ಕಳಿಸಿ ವಾಪಸ್ ತರಿಸಿದರೆ ಪೂರ್ತಿ ಬೆಲೆಗೆ ಡ್ಯೂಟಿ ಬೇಕಿಲ್ಲ. ರಿಪೇರಿ ಖರ್ಚು, ಹೋಗಿ ಬಂದ ಸಾಗಣೆ, ವಿಮೆ, ಇಷ್ಟರ ಮೇಲೆ ಸಾಕು. ಆದರೆ ಹೋಗಿದ್ದೂ ಬಂದಿದ್ದೂ ಒಂದೇ ಎಂದು ಸಾಬೀತಾಗಬೇಕು. ಕಳಿಸುವಾಗ "ಬೆಲೆ ಇಲ್ಲ" ಎಂದು ಬರೆದು ಸಾದಾ ಪಾರ್ಸೆಲ್ ಮಾಡಿದರೆ ಸಾಬೀತು ಮಾಡುವುದು ಹೇಗೆ? ಶಿಪ್ಪಿಂಗ್ ಬಿಲ್‌ನಲ್ಲಿ, ಅಂದರೆ ಕಸ್ಟಮ್ಸ್‌ಗೆ ಕೊಡುವ ರಫ್ತು ದಾಖಲೆಯಲ್ಲಿ, "ರಿಪೇರಿ ಮಾಡಿಸಿ ವಾಪಸ್ ತರಲು" ಎಂದೂ, ಸೀರಿಯಲ್ ನಂಬರೂ ಇರಲಿ. ಕೈಯಲ್ಲೇ ಒಯ್ಯುವುದಾದರೆ ಹೊರಡುವ ಮುಂಚೆ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರ್‌ನಲ್ಲಿ ಈ ವಸ್ತು ಇಲ್ಲಿಂದಲೇ ಹೋಯಿತು ಎಂಬ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಕಳಿಸುವ ಮುಂಚೆ ಕಂಪನಿಗೆ ಒಂದು ಇಮೇಲ್ ಹಾಕಿ ಕೇಳಿ: ಇದನ್ನೇ ರಿಪೇರಿ ಮಾಡುತ್ತೀರೋ, ಬೇರೆ ಸೆಟ್ ಕೊಡುತ್ತೀರೋ? ವಾರಂಟಿಯಲ್ಲಿ ಬೇರೆ ಸೀರಿಯಲ್ ನಂಬರಿನದು ಬಂದರೆ ಅದು ವಾಪಸ್ ಬಂದ ವಸ್ತು ಅಲ್ಲ, ಹೊಸ ಆಮದು. ಆಗ ಪೂರ್ತಿ ಡ್ಯೂಟಿ ಕಟ್ಟಬೇಕಾಗುತ್ತದೆ.