ಫ್ರೀಡ್ರಿಕ್ ಚಿತ್ರದ ಬೋಳು ಓಕ್ ಮರ ಸಾವಿನ ಗುರುತೇ?

ಪ್ರಶ್ನೆ: ಜರ್ಮನ್ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ (1774–1840) ಬರೆದ ಭೂದೃಶ್ಯಗಳಲ್ಲಿ ಎಲೆಯಿಲ್ಲದ ಓಕ್ ಮರ ಮತ್ತೆ ಮತ್ತೆ ಬರುತ್ತದೆ. ಅದು ಕಂಡಲ್ಲೆಲ್ಲ ಸಾವು ಎಂದೇ ಓದಿಕೊಳ್ಳಬೇಕೇ?

ಉತ್ತರ: ಬೇಕಿಲ್ಲ. ಮರ ಒಣಗಿದೆಯೋ, ಚಳಿಗಾಲಕ್ಕೆ ಎಲೆ ಉದುರಿಸಿ ನಿಂತಿದೆಯೋ ಎಂದು ಮೊದಲು ನೋಡಿ. ನಮ್ಮ ಮುತ್ತುಗ ಬೋಳಾದಾಗ ಸತ್ತೇಹೋಯಿತು ಎನ್ನುವವರಿಲ್ಲವಲ್ಲ. ಕೊಂಬೆಗಳೆಲ್ಲ ಮುರಿದು ಮೋಟಾಗಿದ್ದರೆ ಮಾತು ಬೇರೆ.

ಆಮೇಲೆ ಮರದ ಪಕ್ಕ ಏನಿದೆ ನೋಡಿ. ಇದನ್ನು ಕಲಿಯಲು 1811ರ ಸುಮಾರಿನ ಎರಡು ಹಿಮದ ಚಿತ್ರಗಳು ಸಾಕು. ಇವನ್ನು ಜೋಡಿಯಾಗಿ ನೋಡುವುದು ವಾಡಿಕೆ. ಜರ್ಮನಿಯ ಶ್ವೆರಿನ್ ನಗರದಲ್ಲಿರುವುದರಲ್ಲಿ ಒಣ ಓಕ್‌ಗಳು, ಕಡಿದ ಬೊಡ್ಡೆಗಳು, ನಡುವೆ ಕೋಲೂರಿ ನಿಂತ ಒಬ್ಬ ಮನುಷ್ಯ. ಮುಂದೆ ದಾರಿಯೇ ಇಲ್ಲ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯದರಲ್ಲಿ ಊರುಗೋಲುಗಳು ಹಿಮದಲ್ಲಿ ಬಿದ್ದಿವೆ. ಅವನ್ನು ಬಿಸುಟವನು ಬಂಡೆಗೊರಗಿ, ಚಳಿಗಾಲದಲ್ಲೂ ಹಸಿರಾಗಿರುವ ಫರ್ ಮರಗಳ ಮುಂದಿನ ಶಿಲುಬೆಗೆ ಕೈಮುಗಿಯುತ್ತಿದ್ದಾನೆ. ಹಿಂದೆ ಮಂಜಿನಲ್ಲಿ ಚರ್ಚಿನ ಗೋಪುರ ಫರ್ ಮರದಷ್ಟೇ ಚೂಪಾಗಿ ಎದ್ದಿದೆ. ಹಿಮದಿಂದ ಹುಲ್ಲಿನ ಎಳೆಗಳೂ ತಲೆ ಎತ್ತಿವೆ. ಚಿತ್ರ ಬರೀ 32.5 × 45 ಸೆಂ.ಮೀ.; ಮೊಬೈಲಿನಲ್ಲಿ ಹಿಗ್ಗಿಸದಿದ್ದರೆ ಊರುಗೋಲು, ಹುಲ್ಲು ಎರಡೂ ತಪ್ಪಿಹೋಗುತ್ತವೆ.

ಫರ್ ಎಂದರೆ ಭರವಸೆ ಎಂಬುದಕ್ಕೆ ಫ್ರೀಡ್ರಿಕ್‌ನದೇ ಸಾಕ್ಷಿ ಇದೆ. ಬೆಟ್ಟದ ಮೇಲಿನ ಶಿಲುಬೆಯ ಚಿತ್ರಕ್ಕೆ (1808) ಟೀಕೆ ಬಂದಾಗ, ಶಿಲುಬೆಯ ಸುತ್ತಲ ನಿತ್ಯಹಸಿರು ಮರಗಳು ಕ್ರಿಸ್ತನಲ್ಲಿ ಮನುಷ್ಯರಿಟ್ಟ ಭರವಸೆಯಂತೆ ಎಂದು ಅವನೇ ವಿವರಿಸಿದ. ಓಕ್ ಎಂದರೆ ಕ್ರೈಸ್ತಪೂರ್ವ ಕಾಲ ಎನ್ನುವುದು ಮುಂದಿನ ವಿದ್ವಾಂಸರ ಓದು. ಪುರಾತನ ಕಲ್ಗೋರಿಯ ಸುತ್ತ ಓಕ್‌ಗಳನ್ನು ನಿಲ್ಲಿಸಿದ ಚಿತ್ರಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ, ಎಲ್ಲಕ್ಕೂ ಅಲ್ಲ.

1822ರ ‘ಒಂಟಿ ಮರ’ವನ್ನೇ ನೋಡಿ. ಓಕ್‌ನ ನೆತ್ತಿ ಒಣಗಿದೆ, ಕೆಳಗಿನ ಕೊಂಬೆಗಳಲ್ಲಿ ಎಲೆ ತುಂಬಿದೆ. ಮುದಿ ಓಕ್‌ಗಳು ಹೀಗೆ ಮೇಲಿನಿಂದ ಒಣಗುತ್ತ ಬಹುಕಾಲ ಬಾಳುವುದುಂಟು. ನೆಪೋಲಿಯನ್ ಯುದ್ಧಗಳಲ್ಲಿ ನಲುಗಿಯೂ ನಿಂತ ಜರ್ಮನ್ ನಾಡು ಇದು ಎನ್ನುವವರಿದ್ದಾರೆ. ಅಷ್ಟು ದೂರ ಹೋಗುವ ಮೊದಲು ಬೊಡ್ಡೆಗೆ ಒರಗಿ ನಿಂತ ಕುರಿಗಾಹಿಯನ್ನು ಗಮನಿಸುವುದು ಲೇಸು.

‘ಓಕ್ ಕಾಡಿನ ಮಠ’ದಲ್ಲಿ (1809–10) ಮಾತ್ರ ಸಾವು ಖಚಿತ. ಆದರೆ ಅದನ್ನು ಹೇಳುವುದು ಮರಕ್ಕಿಂತ ಹೆಚ್ಚಾಗಿ ಪಾಳುಬಾಗಿಲ ಕಡೆಗೆ ಶವಪೆಟ್ಟಿಗೆ ಹೊತ್ತು ಸಾಗುವ ಸನ್ಯಾಸಿಗಳು. ಹಳೆಯ ಫೋಟೋಗಳಲ್ಲಿ ಹಳದಿಗಟ್ಟಿದ ವಾರ್ನಿಷ್‌ನಿಂದಾಗಿ ಅವರು ಕತ್ತಲಲ್ಲಿ ಕರಗಿರುತ್ತಾರೆ. 2013–16ರಲ್ಲಿ ಬರ್ಲಿನ್‌ನಲ್ಲಿ ಚಿತ್ರವನ್ನು ಶುಚಿಗೊಳಿಸಿದ ಮೇಲೆ ತೆಗೆದ ಫೋಟೋ ಹುಡುಕಿ ನೋಡಿ.