ಮನೆ ಪೂರ್ತಿ ಮುಗಿದಿಲ್ಲ, ಪ್ರಮಾಣಪತ್ರ ಸಿಗುತ್ತದೆಯೇ?

ಓದುಗರ ಪ್ರಶ್ನೆ: ಇಂಗ್ಲೆಂಡಿನಲ್ಲಿ ನಿವೇಶನ ಕೊಂಡು, ನಾವೇ ಮುಂದೆ ನಿಂತು ಮನೆ ಕಟ್ಟಿಸುತ್ತಿದ್ದೇವೆ. ಹಣ ಮುಗಿಯುತ್ತ ಬಂದಿದೆ. ಅಡುಗೆಮನೆ ಮತ್ತು ಕೆಳಗಿನ ಸ್ನಾನದ ಮನೆ ಸಿದ್ಧವಾಗಿವೆ. ಮೇಲಿನ ಸ್ನಾನದ ಮನೆ, ಬಣ್ಣ, ನೆಲಹಾಸು, ಹೊರಗಿನ ಗ್ಯಾರೇಜು ಬಾಕಿ. ಸಾಲದ ಕೊನೆಯ ಕಂತಿಗೆ ಬ್ಯಾಂಕಿನವರು ಕಂಪ್ಲೀಷನ್ ಸರ್ಟಿಫಿಕೇಟ್, ಅಂದರೆ ಮನೆ ನಿಯಮದಂತೆ ಪೂರ್ಣಗೊಂಡಿದೆ ಎಂಬ ಪ್ರಮಾಣಪತ್ರ, ಕೇಳುತ್ತಿದ್ದಾರೆ. ಗೃಹಪ್ರವೇಶದ ಮುಹೂರ್ತವೂ ನಿಶ್ಚಯವಾಗಿದೆ. ಈ ಸ್ಥಿತಿಯಲ್ಲಿ, ಕಟ್ಟಡ ತಪಾಸಣೆ ಮಾಡಿ ಪ್ರಮಾಣಪತ್ರ ಕೊಡುವ ಬಿಲ್ಡಿಂಗ್ ಕಂಟ್ರೋಲ್‌ನವರು ಒಪ್ಪುತ್ತಾರೆಯೇ?

ಉತ್ತರ: ಒಪ್ಪುವ ಸಾಧ್ಯತೆ ಚೆನ್ನಾಗಿಯೇ ಇದೆ. ತಪಾಸಣೆಗೆ ಬರುವ ಅಧಿಕಾರಿ ನೋಡುವುದು 2010ರ ಕಟ್ಟಡ ನಿಯಮಗಳು ಪಾಲನೆಯಾಗಿವೆಯೇ ಎಂಬುದನ್ನು. ಗೋಡೆಗೆ ಬಣ್ಣ ಬಳಿಯದಿದ್ದರೆ, ನೆಲಕ್ಕೆ ಕಾರ್ಪೆಟ್ ಹಾಸದಿದ್ದರೆ, ಅಡುಗೆಮನೆಯ ಕಪಾಟುಗಳಿಗೆ ಬಾಗಿಲು ಕೂರಿಸದಿದ್ದರೆ ಅವರ ತಕರಾರಿಲ್ಲ. ನಿಯಮ ಕೇಳುವ ಕನಿಷ್ಠ ಕೆಲಸಗಳನ್ನು ಮೊದಲು ಮುಗಿಸಿ, ಉಳಿದ ಹಣವನ್ನೆಲ್ಲ ಅವಕ್ಕೇ ಹಾಕಿ ಎಂಬುದು ನನ್ನ ಸಲಹೆ.

ಆ ಕನಿಷ್ಠ ಯಾವುದು? ಪ್ರವೇಶದ ಅಂತಸ್ತಿನಲ್ಲಿ ಒಂದು ಶೌಚಾಲಯ, ಅದಕ್ಕೆ ಕೈ ತೊಳೆಯುವ ಬೇಸಿನ್. ಮನೆಯಲ್ಲಿ ಬಿಸಿನೀರು ಬರುವ ಒಂದು ಸ್ನಾನದ ಮನೆ. ಅಡುಗೆ ಮಾಡುವಲ್ಲಿ ಸಿಂಕ್. ಇವು ನಿಮ್ಮಲ್ಲಿ ಇವೆ. ಹಾಗಾಗಿ ಮೇಲಿನ ಸ್ನಾನದ ಮನೆ ಖಾಲಿ ಇದ್ದರೂ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಅಲ್ಲಿ ಬಾಯಿ ತೆರೆದು ನಿಂತ ಕೊಳವೆಗಳಿಗೆಲ್ಲ ಮುಚ್ಚಳ ಬಿಗಿದಿರಬೇಕು, ವಿದ್ಯುತ್ ತಂತಿಗಳ ತುದಿ ಸುರಕ್ಷಿತವಾಗಿ ಮುಚ್ಚಿರಬೇಕು.

ಈ ಕೊಳವೆಗಳ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಂಬಾಗಿಲಿನ ಚೌಕಟ್ಟಿಗೆ ದೊಡ್ಡ ಫ್ಯಾನ್ ಕೂರಿಸಿ ಮನೆಯ ಗಾಳಿ ಸೋರಿಕೆಯನ್ನು ಅಳೆಯುವ ಪರೀಕ್ಷೆ ಕಡ್ಡಾಯ. 2021ರ ಇಂಧನ ನಿಯಮಗಳ ಪ್ರಕಾರ ಕಟ್ಟಿದ ಮನೆಯಾದರೆ, 50 ಪ್ಯಾಸ್ಕಲ್ ಒತ್ತಡದಲ್ಲಿ ಸೋರುವ ಗಾಳಿ ಮನೆಯ ಹೊರಕವಚದ ಪ್ರತಿ ಚದರ ಮೀಟರಿಗೆ ಗಂಟೆಗೆ 8 ಘನ ಮೀಟರ್ ದಾಟುವಂತಿಲ್ಲ. ನಿಮ್ಮ ವಿನ್ಯಾಸದ ಲೆಕ್ಕದಲ್ಲಿ ಇದಕ್ಕಿಂತ ಬಿಗಿಯಾದ ಅಂಕಿ ಇದ್ದರೆ ಅದನ್ನೇ ಮುಟ್ಟಬೇಕಾಗುತ್ತದೆ. ಮುಗಿಯದ ಸ್ನಾನದ ಮನೆಯ ನೆಲದಲ್ಲಿ ಕೊಳವೆಯ ಸುತ್ತ ಬಿಟ್ಟ ಬೆರಳಗಲದ ಸಂದು ಇಡೀ ಫಲಿತಾಂಶವನ್ನು ಕೆಡಿಸಬಲ್ಲದು. ಪರೀಕ್ಷೆಯವರನ್ನು ಕರೆಯುವ ಮುನ್ನ ಅಂಥ ಸಂದುಗಳನ್ನು ಹುಡುಕಿ ಮುಚ್ಚಿಸಿ.

ಮೆಟ್ಟಿಲಿಗೆ ರೇಲಿಂಗ್ ಆಮೇಲೆ ಹಾಕಿಸೋಣ ಎನ್ನುವವರು ಬಹಳ. ಇಲ್ಲಿ ಯಾವ ಅಧಿಕಾರಿಯೂ ರಿಯಾಯಿತಿ ತೋರುವುದಿಲ್ಲ, ತೋರಲೂಬಾರದು. ಮೆಟ್ಟಿಲ ಬದಿಗೂ ಮೇಲಿನ ಅಂಚಿಗೂ 900 ಮಿ.ಮೀ. ಎತ್ತರದ ತಡೆ ಬೇಕು. 100 ಮಿ.ಮೀ. ಗಾತ್ರದ ಚೆಂಡು ಅದರ ಸಂದಿನಲ್ಲಿ ತೂರಬಾರದು. ಪುಟ್ಟ ಮಕ್ಕಳು ಸಿಕ್ಕಿಕೊಳ್ಳಬಾರದು, ಕೆಳಗೆ ಬೀಳಬಾರದು ಎಂಬುದೇ ಈ ಅಳತೆಯ ಹಿಂದಿನ ಕಾಳಜಿ. ಗಾಜಿನ ರೇಲಿಂಗಿಗೆ ಹಣವಿಲ್ಲವೇ? ಭದ್ರವಾಗಿ ಬಿಗಿದ ಸಾದಾ ಮರದ ರೇಲಿಂಗ್ ಸಾಕು. ಬಾಲ್ಕನಿ ಇನ್ನೂ ಕಟ್ಟಿಲ್ಲ, ಆದರೆ ಅಲ್ಲಿಗೆ ತೆರೆಯುವ ಬಾಗಿಲು ಕೂರಿಸಿಯಾಗಿದೆ ಎಂದಾದರೆ ಅದಕ್ಕೂ ತಡೆ ಬೇಕು.

ಹೊಗೆ ಎಚ್ಚರಿಕೆ ಸಾಧನಗಳು ವಿದ್ಯುತ್ ಜಾಲಕ್ಕೂ ಪರಸ್ಪರವೂ ಜೋಡಣೆಯಾಗಿ, ಪ್ರತಿ ಅಂತಸ್ತಿನಲ್ಲಿ ಇರಬೇಕು. ಬೀದಿಯಿಂದ ಬಾಗಿಲಿನವರೆಗೆ ಗಾಲಿಕುರ್ಚಿ ಬರುವಂಥ ದಾರಿಯೂ ನಿಯಮದೊಳಗೇ ಬರುತ್ತದೆ. ಅಂಗಳದ ಕೆಲಸ ಕೊನೆಗಿರಲಿ ಎಂದು ಬಿಟ್ಟವರು ಸಿಕ್ಕಿಬೀಳುವುದು ಇಲ್ಲೇ. ಇನ್ನು ಕಾಗದಪತ್ರ: ವಿದ್ಯುತ್ ಪ್ರಮಾಣಪತ್ರ, ಬಾಯ್ಲರ್ ಅಥವಾ ಹೀಟ್ ಪಂಪಿನ ದಾಖಲೆ, ಗಾಳಿಯಾಡುವ ವ್ಯವಸ್ಥೆಯ ಪರೀಕ್ಷೆಯ ವರದಿ, ನೀರಿನ ಬಳಕೆಯ ಲೆಕ್ಕ, ಇಂಧನ ದಕ್ಷತೆಯ ಪ್ರಮಾಣಪತ್ರ. ಕೆಲಸವೆಲ್ಲ ಸರಿಯಿದ್ದೂ ಒಂದು ಹಾಳೆ ಇಲ್ಲದೆ ತಿಂಗಳುಗಟ್ಟಲೆ ಕಾಯುವವರಿದ್ದಾರೆ.

ಗ್ಯಾರೇಜಿನ ವಿಷಯ ಬೇರೆ. ಮನೆಗಾಗಿ ಬಿಲ್ಡಿಂಗ್ ಕಂಟ್ರೋಲ್‌ಗೆ ಹಾಕಿದ ಅರ್ಜಿಯಲ್ಲೇ ಅದೂ ಸೇರಿದ್ದರೆ, ಅದು ಮುಗಿಯದೆ ಅರ್ಜಿಯೂ ಮುಗಿಯುವುದಿಲ್ಲ. 2023ರ ಅಕ್ಟೋಬರಿನಿಂದ, ಕೆಲಸ ಮುಗಿದ ಸೂಚನೆಯ ಜೊತೆಗೆ ಎಲ್ಲವೂ ನಿಯಮಬದ್ಧವಾಗಿದೆ ಎಂದು ಮನೆ ಕಟ್ಟಿಸಿದವರೇ ಹೇಳಿಕೆ ಕೊಡಬೇಕು. ಆಗದ ಕೆಲಸಕ್ಕೆ ಸಹಿ ಹಾಕಬೇಡಿ. ಗ್ಯಾರೇಜನ್ನು ಈ ಅರ್ಜಿಯಿಂದ ತೆಗೆದು, ಮುಂದೆ ಬೇರೆ ಅರ್ಜಿ ಹಾಕುವುದಾಗಿ ಅಧಿಕಾರಿಯೊಂದಿಗೆ ಮಾತಾಡಿ, ಒಪ್ಪಿದ್ದನ್ನು ಬರಹದಲ್ಲಿ ಪಡೆಯಿರಿ.

ಪ್ರಮಾಣಪತ್ರಕ್ಕೆ ಮೊದಲೇ ವಾಸಕ್ಕೆ ಹೋಗುವುದು ಇಂಗ್ಲೆಂಡಿನಲ್ಲಿ ತಾನಾಗಿಯೇ ಅಪರಾಧವಲ್ಲ. ಸ್ಥಳೀಯ ಕೌನ್ಸಿಲ್‌ನ ಮೂಲಕ ಅರ್ಜಿ ಹಾಕಿದವರು ಕನಿಷ್ಠ ಐದು ದಿನ ಮುಂಚೆ ಅವರಿಗೆ ತಿಳಿಸಬೇಕು, ಅಷ್ಟೇ. ಹಾಲು ಉಕ್ಕಿಸಿ, ಪೂಜೆ ಮುಗಿಸಿ ಸಂಜೆ ಬಾಡಿಗೆ ಮನೆಗೆ ಮರಳುವುದನ್ನು ಯಾರೂ ವಾಸ ಎನ್ನುವುದಿಲ್ಲ, ಮುಹೂರ್ತ ತಪ್ಪಿಸಬೇಕಾಗಿಲ್ಲ. ವಿಮೆಯವರಿಗೆ ಮಾತ್ರ ಮೊದಲೇ ತಿಳಿಸಿ. ಸ್ಕಾಟ್ಲೆಂಡಿನಲ್ಲಿ ಕಟ್ಟುತ್ತಿರುವವರು ಇದನ್ನು ಅನುಸರಿಸಬಾರದು. ಅಲ್ಲಿ 2003ರ ಕಟ್ಟಡ ಕಾಯ್ದೆಯ ಪ್ರಕಾರ, ಅಂಗೀಕೃತ ಪ್ರಮಾಣಪತ್ರವಾಗಲಿ ತಾತ್ಕಾಲಿಕ ವಾಸದ ಅನುಮತಿಯಾಗಲಿ ಇಲ್ಲದೆ ಹೊಸ ಮನೆಯಲ್ಲಿ ವಾಸಿಸುವುದು ಅಪರಾಧ.

ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ಅವಸರದಲ್ಲಿ ಪ್ರಮಾಣಪತ್ರ ಪಡೆದರೆ ನಷ್ಟವಾಗಬಹುದು. ಸ್ವಂತ ಮನೆ ಕಟ್ಟುವವರಿಗೆ ಸಾಮಗ್ರಿಯ ಮೇಲಿನ ವ್ಯಾಟ್ ತೆರಿಗೆ ಮರಳಿ ಸಿಗುತ್ತದೆ; ಆದರೆ ಅರ್ಜಿ ಹಾಕಲು ಅವಕಾಶ ಒಂದೇ ಬಾರಿ. 2023ರ ಡಿಸೆಂಬರ್ 5ರಿಂದ ಅದರ ಗಡುವು ಮನೆ ಪೂರ್ಣಗೊಂಡ ಆರು ತಿಂಗಳು. ಪೂರ್ಣಗೊಂಡಿದ್ದಕ್ಕೆ ಸಾಮಾನ್ಯವಾಗಿ ಪುರಾವೆಯಾಗುವುದು ಇದೇ ಪ್ರಮಾಣಪತ್ರ. ಆ ಅರ್ಜಿ ಹೋದ ಮೇಲೆ ಕೊಂಡ ಟೈಲ್ಸು, ಕಮೋಡುಗಳ ತೆರಿಗೆ ನಿಮ್ಮ ತಲೆಗೇ. ಮನೆಯೊಡನೆ ಕಟ್ಟಿದ ಗ್ಯಾರೇಜಿಗೆ ತೆರಿಗೆ ಮರಳುತ್ತದೆ, ಆಮೇಲೆ ಕಟ್ಟಿದ್ದಕ್ಕಿಲ್ಲ. ಕಾರ್ಪೆಟ್ಟಿಗೆ ಹೇಗೂ ಸಿಗದು, ಅದನ್ನು ನಿಶ್ಚಿಂತೆಯಿಂದ ಮುಂದೂಡಿ. ಸಾಲದ ಬಡ್ಡಿ ಮತ್ತು ಬಾಡಿಗೆಯನ್ನು ಒಂದು ಕಡೆ, ಕೈತಪ್ಪುವ ತೆರಿಗೆಯನ್ನು ಇನ್ನೊಂದು ಕಡೆ ಬರೆದು ನೋಡಿ. ನಿಮ್ಮ ಜಾಗದಲ್ಲಿದ್ದರೆ ನಾನು ಮೇಲಿನ ಸ್ನಾನದ ಮನೆಯನ್ನು ಹೇಗಾದರೂ ಮುಗಿಸಿ, ಗ್ಯಾರೇಜನ್ನು ಕೈಬಿಡುತ್ತಿದ್ದೆ.

ನಿಮ್ಮ ಪ್ರದೇಶದಲ್ಲಿ ಸಮುದಾಯ ಮೂಲಸೌಕರ್ಯ ಶುಲ್ಕವಿದ್ದು (ಹೊಸ ಕಟ್ಟಡಗಳ ಮೇಲೆ ಕೌನ್ಸಿಲ್ ಹಾಕುವ ಶುಲ್ಕ) ಅದರಿಂದ ವಿನಾಯಿತಿ ಪಡೆದಿದ್ದರೆ, ಅದರ ಎರಡನೆಯ ಭಾಗದ ಅರ್ಜಿಗೂ ಪ್ರಮಾಣಪತ್ರದಿಂದ ಆರು ತಿಂಗಳೇ ಗಡುವು. ಅದು ತಪ್ಪಿದರೆ ವಿನಾಯಿತಿ ರದ್ದಾಗಿ ಶುಲ್ಕವನ್ನು ಪೂರ್ತಿ ಕಟ್ಟಬೇಕಾಗುತ್ತದೆ. ಪ್ರಮಾಣಪತ್ರ ಕೈಗೆ ಬಂದ ವಾರದಲ್ಲೇ ಆ ಅರ್ಜಿಯನ್ನು ಕಳುಹಿಸಿಬಿಡಿ.